ಗಂಟೆಗೆ ಟೊಪ್ಪಿ ತೆಗೆಯದ ಇಂಜಿನಿಯರು

ಮನುಷ್ಯನು ದೊಡ್ಡ ಮಾತುಗಳನ್ನು ಹೆಚ್ಚಾಗಿ ಸೆಕೆಯಲ್ಲಿ ಆಡುತ್ತಾನೆ ಎಂದು ನನ್ನ ಅಭಿಪ್ರಾಯ. ತಂಪಿನಲ್ಲಿ ಕುಳಿತವನಿಗೆ ಬಾಯಿ ತೆರೆಯುವ ಅವಸರವಿರುವುದಿಲ್ಲ. ಬಹ್ರೈನಿನಿಂದ ಮರಳಿ ಊರಿನಲ್ಲಿ ಇಂಜಿನಿಯರೆಂದು ಹೆಸರಾಗಿದ್ದ ನಮ್ಮ ವಲೇರಿಯನ್ ಮತಾಯಸನು ತನ್ನ ಜೀವಮಾನದ ಅತಿ ದೊಡ್ಡ ಮಾತನ್ನು ಆಡಿದ್ದು ಎಂಬತ್ತೆರಡನೆಯ ಇಸವಿಯಲ್ಲಿ, ಶಿರ್ವದ ಒಂದು ಹೊಸ ಮನೆಯ ಒಕ್ಕಲಿನ ಊಟದಲ್ಲಿ. ಅದು ಕುವೈಟಿನ ದುಡಿಮೆಯಿಂದ ಎದ್ದ ತಾರಸಿ ಮನೆ. ಕೋಣೆಗೊಂದು ಫ್ಯಾನು ಇತ್ತು. ಪಾದ್ರಿಗಳು ಆಶೀರ್ವಾದ ಮಾಡಿ ತೀರ್ಥ ಚಿಮುಕಿಸುತ್ತಿದ್ದಂತೆಯೇ ಕರೆಂಟು ಹೋಯಿತು. ಫ್ಯಾನುಗಳು ನಿಂತವು. ಆ ಮನೆ ಬ್ರೆಡ್ಡು ಸುಡುವ ಗೂಡಿನಂತಾಯಿತು. ಅತಿಥಿಗಳು ಬಾಳೆಲೆಯ ತುದಿ ಹರಿದು ಬೀಸಿಕೊಳ್ಳತೊಡಗಿದರು.

ಆಗ ವಲೇರಿಯನ್ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, "ಇದೆಲ್ಲ ನಕ್ಷೆಯ ದೋಷ ಮಾರಾಯ್ರೇ. ಬಹ್ರೈನಿನಲ್ಲಿ ನಾನು ಮಾಡಿದ ಮನೆಗಳಿಗೆ ಫ್ಯಾನೇ ಬೇಡ. ಗಾಳಿ ತಾನಾಗಿ ಬಂದು ಕುಳಿತುಕೊಳ್ಳುತ್ತದೆ," ಎಂದನು.

ಗಾಳಿ ಬರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಬೆಳ್ಮಣ್ಣಿನ ದೇಜಪ್ಪ ಶೆಟ್ಟರು ತಿರುಗಿ ನೋಡಿದರು. ಶೆಟ್ಟರು ಅಲ್ಲಿಯ ಒಂದು ಗ್ರಾಮಸೇವಾ ಟ್ರಸ್ಟಿನ ಕಾರ್ಯದರ್ಶಿ. ಅವರ ಟ್ರಸ್ಟಿಗೆ ಅಂಥದೇ ಒಂದು ಕಟ್ಟಡ ಬೇಕಾಗಿತ್ತು.

ನಾನು ಆ ಊಟದಲ್ಲಿದ್ದೆ. ಊರಿನ ಚರ್ಚಿನ, ನಮ್ಮ ಮಾತಿನಲ್ಲಿ ಇಗರ್ಜಿಯ, ಶಾಲೆಯಲ್ಲಿ ಮಾಸ್ಟ್ರಾಗಿದ್ದು ನಿವೃತ್ತನಾದವನು ನಾನು, ನಮ್ಮ ವಾಡ್ಯದ, ಅಂದರೆ ಕೇರಿಯ ಕ್ರೈಸ್ತ ಮನೆಗಳ, ಗುರ್ಕಾರನೂ ಹೌದು. ವಾಡ್ಯದಲ್ಲಿ ಮದುವೆಯಾಗಲಿ ಮರಣವಾಗಲಿ, ಜನರು ಮೊದಲು ಬಂದು ತಟ್ಟುವುದು ಗುರ್ಕಾರನ ಬಾಗಿಲನ್ನು. ಆ ವರ್ಷ ಆ ಬಾಗಿಲಿನ ಒಳಗೆ ನಾನೊಬ್ಬನೇ ಇದ್ದೆ. ಹಿಂದಿನ ಕ್ರಿಸ್ಮಸಿಗೆ ಸ್ವಲ್ಪ ಮುಂಚೆ ನನ್ನ ಜೆರ್ಟ್ರೂಡಳನ್ನು ದೇವರು ಕರೆಸಿಕೊಂಡಿದ್ದನು.

ಶೆಟ್ಟರು ವಲೇರಿಯನನನ್ನು ಬೆಳ್ಮಣ್ಣಿಗೆ ಕರೆಸಿದರು. ಧೈರ್ಯಕ್ಕೆಂದು ಅವನು ನನ್ನನ್ನೂ ಎಳೆದುಕೊಂಡು ಹೋದನು. ಅಲ್ಲಿ ಮಣಿಪಾಲದಿಂದ ಬಂದಿದ್ದ ಪ್ರೊಫೆಸರ್ ಬೆಂಜಮಿನ್ ಕುಳಿತಿದ್ದರು. ಅವರೂ ನಿವೃತ್ತರೇ, ಆದರೆ ನನ್ನಂತಲ್ಲ, ಮಾತಿನಲ್ಲಿ ಇನ್ನೂ ಬೆಂಕಿ ಇತ್ತು.

"ನೋಡಿ ಮತಾಯಸ್, ನಮಗೆ ಬೇಕಾದದ್ದು ಇಂಧನದ ಸಂಶೋಧನೆಗೂ ಪಾಠಕ್ಕೂ ಒಂದು ಕಟ್ಟಡ. ಗೋಬರ್ ಗ್ಯಾಸು, ಬಿಸಿಲಿನ ಒಲೆ, ಹೊಗೆಯಿಲ್ಲದ ಒಲೆ, ಎಲ್ಲ ಅಲ್ಲಿ ಪರೀಕ್ಷೆ ಆಗಬೇಕು. ಶಾಲೆಯ ಮಕ್ಕಳೂ ರೈತರೂ ಬಂದು ಕಲಿಯಬೇಕು. ಕಟ್ಟಡವೇ ಮೊದಲನೇ ಪಾಠ. ಹಗಲು ದೀಪ ಉರಿಸಬಾರದು, ಬೇಸಗೆಯಲ್ಲಿ ಫ್ಯಾನು ತಿರುಗಬಾರದು. ಸಾಧ್ಯ ಉಂಟಾ?"

"ಉಂಟು," ಎಂದನು ವಲೇರಿಯನ್. 'ಇಲ್ಲ' ಎಂಬ ಶಬ್ದವು ಅವನ ಬಾಯಿಯಲ್ಲಿ ಎಂದೂ ಸಕಾಲದಲ್ಲಿ ಹುಟ್ಟಿದ್ದಿಲ್ಲ.

"ಹಾಗಾದರೆ ಕಟ್ಟಡದ ಮುಖ ಯಾವ ಕಡೆಗೆ?"

ವಲೇರಿಯನ್ ಮಾಡಿನ ಹಂಚುಗಳನ್ನು ನೋಡಿದನು, ನನ್ನನ್ನು ನೋಡಿದನು, ಕೊನೆಗೆ ಅಂಗಳದ ಬಿಸಿಲನ್ನು ನೋಡಿದನು. "ಅದನ್ನು ಹೇಳಬೇಕಾದರೆ ಮೊದಲು ಸೂರ್ಯನನ್ನು ನೋಡಬೇಕು ಸರ್," ಎಂದನು.

ಪ್ರೊಫೆಸರರು ಎದ್ದು ನಿಂತು ಅವನ ಕೈ ಕುಲುಕಿದರು. "ಶೆಟ್ರೇ, ಕೇಳಿದಿರಾ? ಕಾಗದ ಮುಟ್ಟುವ ಮುಂಚೆ ಸೂರ್ಯನನ್ನು ನೋಡುವವ! ಇಂಥವನನ್ನು ನಾನು ಇಲ್ಲಿವರೆಗೆ ಕಂಡಿಲ್ಲ. ನೋಡಿ ಮತಾಯಸ್, ಎಷ್ಟು ದಿನ ಬೇಕಾದರೂ ನೋಡಿ. ಮಳೆಗಾಲದ ಮುಂಚೆ ನಕ್ಷೆ ಕೊಟ್ಟರೆ ಸಾಕು. ಇಲ್ಲದಿದ್ದರೆ ಟ್ರಸ್ಟಿನವರು ಯಾವುದೋ ಗೋದಾಮಿನ ನಕ್ಷೆ ತಂದು ಕಟ್ಟಿಸುತ್ತಾರೆ."

ಮರಳಿ ಬಂದ ಸಂಜೆ ವಲೇರಿಯನ್ ನನ್ನ ಜಗಲಿಯ ಮೇಲೆ ಕುಸಿದನು.

"ಮಾಸ್ಟ್ರೇ, ನಾನು ಇಂಜಿನಿಯರ್ ಅಲ್ಲ."

"ಅದು ನನಗೆ ಗೊತ್ತುಂಟು. ಏಳನೇ ಕ್ಲಾಸಿನಲ್ಲಿ ನಿನಗೆ ತ್ರಿಭುಜ ಕಲಿಸಿದವ ನಾನೇ ಅಲ್ವಾ?"

"ನಕ್ಷೆ ಬರೆಯುವವನೂ ಅಲ್ಲ."

ಇದು ನನಗೆ ಗೊತ್ತಿರಲಿಲ್ಲ. "ಮತ್ತೆ ಅಷ್ಟು ವರ್ಷ ಅಲ್ಲಿ ಎಂತ ಮಾಡಿದ್ದು ಮಾರಾಯ?"

"ಪ್ರಿಂಟ್ ಹೊಡೆಯುವುದು. ಇಂಜಿನಿಯರುಗಳು ಗೆರೆ ಎಳೆದು ಕೊಟ್ಟ ಕಾಗದವನ್ನು ಮೆಷಿನಿಗೆ ಹಾಕಿ, ಅಮೋನಿಯಾ ಕೊಟ್ಟು, ನೀಲಿ ಪ್ರತಿ ತೆಗೆಯುವುದು. ನಕ್ಷೆಗಳನ್ನು ಸಾವಿರಗಟ್ಟಲೆ ಮುಟ್ಟಿದ್ದೇನೆ. ಒಂದನ್ನೂ ಓದಿಲ್ಲ."

"ನಿನ್ನ ಹೆಂಡತಿ ಡುಲ್ಸಿನಳಿಗೆ ಗೊತ್ತುಂಟಾ?"

"ಮದುವೆಯ ಮುಂಚಿನ ಕಾಗದದಲ್ಲೇ ಇಂಜಿನಿಯರ್ ಎಂದು ಬರೆದದ್ದು. ಈಗ ಗೊತ್ತಾದರೆ ಅವಳು ಕಲ್ಯಾಣಪುರಕ್ಕೆ ತಾಯಿಯ ಮನೆಗೆ ಹೋಗಿ ಕುಳಿತುಕೊಳ್ಳುತ್ತಾಳೆ. ಮತ್ತೆ ನಾನು ಯಾರಿಗೆ ಬೇಕು ಹೇಳಿ?"

ಡುಲ್ಸಿನ್ ಮಾತು ಕಡಿಮೆಯ, ನೇರ ನೋಟದ ಹೆಂಗಸು. ಅವಳ ಮುಂದೆ ಸುಳ್ಳು ಹೇಳುವುದಕ್ಕಿಂತ ಸಿಕ್ಕಿಬೀಳುವುದು ಹೆಚ್ಚು ಭಯಂಕರ ಎಂಬುದನ್ನು ನಾನೂ ಒಪ್ಪಿದೆ. ಹೀಗೆ ನಾವು ಒಂದು ವ್ಯವಸ್ಥೆಗೆ ಬಂದೆವು. ಅವನು ಪ್ರತಿದಿನ ಬೆಳಿಗ್ಗೆ ಕೊಡೆ ಮತ್ತು ಬುತ್ತಿ ಹಿಡಿದು, ಸೂರ್ಯನನ್ನು ನೋಡಲು ಬೆಳ್ಮಣ್ಣಿನ ದಾರಿಯಲ್ಲಿ ಕಟ್ಟಡಕ್ಕೆ ಗೊತ್ತುಮಾಡಿದ್ದ ದಿಣ್ಣೆಗೆ ಹೋಗುತ್ತೇನೆಂದು ಹೆಂಡತಿಗೆ ಹೇಳಿ ಹೊರಡುವುದು. ತೋಟದ ಹಿಂದಿನ ದಾರಿಯಿಂದ ನನ್ನ ಮನೆಗೆ ಬಂದು, ಅಡುಗೆಮನೆಯಲ್ಲಿ ಕುಳಿತು ಗುಟ್ಟಾಗಿ ನಕ್ಷೆ ಬರೆಯಲು ಕಲಿಯುವುದು. ಕಲಿಸುವವನು ನಾನು. ಮನೆ ಕಟ್ಟುವ ವಿಷಯದಲ್ಲಿ ನನಗಿದ್ದ ಜ್ಞಾನವೆಂದರೆ ಒಮ್ಮೆ ಹಟ್ಟಿಗೆ ಮಾಡು ಹೊದಿಸಿದ್ದು. ಆ ಮಾಡು ಬಿದ್ದುಹೋಗಿತ್ತು.

ದಿನಗಳು ಕಳೆದವು. ವಲೇರಿಯನ್ ಗೆರೆ ಎಳೆಯುವನು, ಉಜ್ಜುವನು, ನಿಟ್ಟುಸಿರು ಬಿಡುವನು. ಅವನ ಗೆರೆಗಳು ಬಹಳ ಚೆನ್ನಾಗಿದ್ದವು. ಆದರೆ ಕಟ್ಟಡದೊಳಗೆ ಹೋಗಲು ಬಾಗಿಲೇ ಇರುತ್ತಿರಲಿಲ್ಲ, ಬಾಗಿಲು ಹಾಕಿದರೆ ಅದು ಗೋಬರ್ ಗ್ಯಾಸಿನ ಗುಂಡಿಗೆ ತೆರೆಯುತ್ತಿತ್ತು. ಮಧ್ಯಾಹ್ನ ಡುಲ್ಸಿನಳ ಬುತ್ತಿಯನ್ನು ಇಬ್ಬರೂ ಹಂಚಿಕೊಂಡು ಉಣ್ಣುತ್ತಿದ್ದೆವು. ಬಂಗುಡೆಯ ಸಾರು ಉಂಡು ನನಗೂ ಬಹಳ ದಿನವಾಗಿತ್ತು. ಅದೊಂದನ್ನು ನಾನು ಅವನ ಸುಳ್ಳಿನ ಲೆಕ್ಕಕ್ಕೆ ಜಮೆ ಮಾಡಬೇಕು.

ಒಂದು ಬೆಳಿಗ್ಗೆ ಅವನು ಓಡುತ್ತಾ ಬಂದನು.

"ಮಾಸ್ಟ್ರೇ, ನಿನ್ನೆ ಡುಲ್ಸಿನ್ ಬೆಳ್ಮಣ್ ಪೇಟೆಗೆ ಹೋಗಿದ್ದಳಂತೆ. ಬಸ್ಸಿನಿಂದ ನನ್ನನ್ನು ದಿಣ್ಣೆಯ ಮೇಲೆ ಕಂಡಳಂತೆ. ಕೈ ಬೀಸಿದಳಂತೆ. ನಾನು ತಿರುಗಿಯೂ ನೋಡಲಿಲ್ಲ ಎಂದು ರಾತ್ರಿ ಮಾತೇ ಬಿಟ್ಟಿದ್ದಾಳೆ!"

"ನೀನು ಇಲ್ಲೇ ಇದ್ದೆಯಲ್ಲ?"

"ಇಲ್ಲೇ ಇದ್ದೆ! ಹಾಗಾದರೆ ಅಲ್ಲಿದ್ದದ್ದು ಯಾರು?"

ಪ್ರಶ್ನೆ ಗಂಭೀರವಾಗಿತ್ತು. ಜಪಮಾಲೆಯನ್ನು ಕಿಸೆಗೆ ಹಾಕಿಕೊಂಡು, ಅವನನ್ನು ಕರೆದುಕೊಂಡು ಗದ್ದೆಯ ಬದುವಿನಲ್ಲಿ ದಿಣ್ಣೆಗೆ ಹೋದೆ. ಕಟ್ಟಡದ ಜಾಗಕ್ಕೆ ತಾಗಿ ಅಮ್ಮಣ್ಣಿಯ ಸೌತೆ ಗದ್ದೆ ಇತ್ತು. ಅದರ ಎತ್ತರದ ಬದುವಿನ ಮೇಲೆ, ರಸ್ತೆಯ ಕಡೆ ಮುಖ ಮಾಡಿ, ಎರಡೂ ಕೈ ಚಾಚಿ, ನೀಲಿ ಕಾರ್ಖಾನೆ ಅಂಗಿ ತೊಟ್ಟು, ಹಳದಿ ಹೆಲ್ಮೆಟ್ಟು ಹಾಕಿಕೊಂಡು ವಲೇರಿಯನ್ ನಿಂತಿದ್ದನು. ನನ್ನ ಪಕ್ಕದಲ್ಲಿ ನಿಂತ ವಲೇರಿಯನನು ಕೈಮುಗಿದನು.

ಹತ್ತಿರ ಹೋದಾಗ ಅದು ಕಾಗೆ ಓಡಿಸುವ ಬೆರ್ಚಪ್ಪ ಎಂದು ತಿಳಿಯಿತು. ಹೆಲ್ಮೆಟ್ಟಿನ ಕೆಳಗೆ ಮಸಿ ಹಿಡಿದ ಮಡಕೆ, ಒಳಗೆ ಬೈಹುಲ್ಲು. ಅಂಗಿ ಮಾತ್ರ ಬಹ್ರೈನಿನದೇ.

"ನಿಮ್ಮ ಅತ್ತೆ ಕೊಟ್ಟದ್ದು ಅಯ್ಯಾ," ಎಂದಳು ಅಮ್ಮಣ್ಣಿ. "ಬರ್ತಾಬಾಯಮ್ಮ ಕ್ರಿಸ್ಮಸ್ ಹಬ್ಬಕ್ಕೆ ಬಂದಾಗ ಪೆಟ್ಟಿಗೆ ಚೊಕ್ಕ ಮಾಡಿ, ಒಂದು ಗಂಟು ಕೊಟ್ಟರು. ಇದನ್ನು ನಿಲ್ಲಿಸಿದ ಮೇಲೆ ಕಾಗೆ ಇಲ್ಲ, ಹಂದಿ ಇಲ್ಲ. ನಾಯಿ ಸಹ ದೂರದಿಂದಲೇ ನಮಸ್ಕಾರ ಮಾಡಿ ಹೋಗುತ್ತದೆ. ಈಗ ತೆಗೆದರೆ ನನ್ನ ಸೌತೆ ಹೋಯಿತು."

ಬಡವಳ ಬೆಳೆ ಹಾಳುಮಾಡುವುದು ಪಾಪವೆಂದು ನಾನು ಹೇಳಿದೆ. ವಲೇರಿಯನ್ ಬಹಳ ಬೇಗ ಒಪ್ಪಿದನು.

ಅಂದಿನಿಂದ ಅವನ ಕೀರ್ತಿ ಬೆಳೆಯತೊಡಗಿತು. ಬೆಳ್ಮಣ್ಣಿನಿಂದ ಶಿರ್ವದ ಮೇಲೆ ಉಡುಪಿಗೆ ಹೋಗುವ ಬಸ್ಸಿನ ಕಂಡಕ್ಟರ್ ವಿಲ್ಫ್ರೆಡನು ದಿಣ್ಣೆ ಬರುವಾಗ ಸ್ವತಃ ಪ್ರಯಾಣಿಕರಿಗೆ ತೋರಿಸುತ್ತಿದ್ದನು: "ಬಲಗಡೆ ನೋಡಿ, ಬಲಗಡೆ! ನಮ್ಮ ಶಿರ್ವದವರು. ಸೂರ್ಯನನ್ನು ಅಳೆಯುವುದು. ಬೆಳಿಗ್ಗೆ ಮೊದಲ ಟ್ರಿಪ್ಪಿಗೂ ಇದ್ದರು, ಸಂಜೆ ಕೊನೆಯ ಟ್ರಿಪ್ಪಿಗೂ ಇರುತ್ತಾರೆ. ಕೈ ಇಳಿಸಿದ್ದನ್ನು ನಾನು ಕಂಡಿಲ್ಲ." ಆ ಜಾಗದಲ್ಲಿ ಹಾರ್ನು ಹೊಡೆಯಬಾರದೆಂದು ಪ್ರೊಫೆಸರರು ಡ್ರೈವರನಿಗೆ ತಾಕೀತು ಮಾಡಿದರು. ದೇಜಪ್ಪ ಶೆಟ್ಟರು ಶಾಲೆಯ ಮಕ್ಕಳನ್ನು ರಸ್ತೆಯ ಬದಿಯಲ್ಲಿ ಸಾಲಾಗಿ ನಿಲ್ಲಿಸಿ, "ಏಕಾಗ್ರತೆ ಎಂದರೆ ಅದು. ನೊಣ ಕೂತರೂ ಅಲುಗುವುದಿಲ್ಲ," ಎಂದು ಪಾಠ ಹೇಳಿದರು. ನಲವತ್ತು ದಿನಗಳ ಉಪವಾಸದ ಕಾಲ ಬಂದಾಗ ನಮ್ಮ ಇಗರ್ಜಿಯ ಮುಖ್ಯ ಪಾದ್ರಿಗಳಾದ ವಿಗಾರರು, ಕಂಬದ ಮೇಲೆ ನಿಂತು ತಪಸ್ಸು ಮಾಡಿದ ಹಿಂದಿನ ಕಾಲದ ಸಂತರ ವಿಷಯ ಉಪದೇಶದ ಶೆರ್ಮಾಂವು ಹೇಳಿದರು, ಹೇಳುವಾಗ ಪೂರ್ವದ ಕಡೆಗೆ, ಅಂದರೆ ಬೆಳ್ಮಣ್ಣಿನ ಕಡೆಗೆ, ಕೈ ತೋರಿಸಿದರು. ಡುಲ್ಸಿನ್ ಹೆಂಗಸರ ಸಾಲಿನಲ್ಲಿ ತಲೆಯ ಮೇಲಿನ ವಸ್ತ್ರ ಸರಿಮಾಡಿಕೊಂಡಳು. ವಲೇರಿಯನ್ ಮಾತ್ರ ನನ್ನ ಕಡೆಗೆ ಬಾಗಿದನು.

"ಮಾಸ್ಟ್ರೇ, ಈಗ ನಿಜ ಹೇಳಿದರೆ ಸಂತರನ್ನೇ ಕೆಳಗೆ ಇಳಿಸಿದ ಹಾಗೆ ಆಗುತ್ತದೆ," ಎಂದು ಅವನು ಪಿಸುಗುಟ್ಟಿದನು.

ಸಂತರಿಗೂ ವೈರಿಗಳಿರುತ್ತಾರೆ. ಇಗರ್ಜಿಯ ಸಭೆಯಲ್ಲಿ ಬ್ಯಾಪ್ಟಿಸ್ಟ್ ಎದ್ದು ನಿಂತನು. ಇವನು ನಮ್ಮ ಊರಿನ ಬಡಗಿ, ಶವಪೆಟ್ಟಿಗೆ ಮಾಡುವವನು, ಧರ್ಮದ ವಿಷಯದಲ್ಲಿ ವಿಗಾರರಿಗಿಂತ ಕಟ್ಟುನಿಟ್ಟು.

"ಮಧ್ಯಾಹ್ನದ ಪ್ರಾರ್ಥನೆಯ ಗಂಟೆ ಆಗುವಾಗ ಉಳುವವನು ನೇಗಿಲು ನಿಲ್ಲಿಸುತ್ತಾನೆ, ತಲೆಯ ಮುಟ್ಟಾಳೆ ತೆಗೆಯುತ್ತಾನೆ. ಇದು ನಮ್ಮ ಹಿರಿಯರ ಕ್ರಮ. ನಾನು ಮೂರು ದಿನ ಬಸ್ಸಿನಲ್ಲಿ ಹೋಗಿ ನೋಡಿದ್ದೇನೆ. ಗಂಟೆ ಹೊಡೆಯುವಾಗ ಈ ಇಂಜಿನಿಯರು ತಲೆಯಿಂದ ಟೊಪ್ಪಿ ತೆಗೆಯುವುದಿಲ್ಲ! ಶಿಲುಬೆಯ ಗುರುತು ಸಹ ಇಲ್ಲ! ವಿದ್ಯೆ ಹೆಚ್ಚಾದರೆ ದೇವರು ಬೇಡವಾ? ಗುರ್ಕಾರ್ರು ಹೇಳಲಿ, ಅವರ ವಾಡ್ಯದವನು."

ಎಲ್ಲರೂ ನನ್ನನ್ನು ನೋಡಿದರು. ನಾನು ವಿಚಾರಿಸುತ್ತೇನೆಂದೆ. ಮರುದಿನ ಅಮ್ಮಣ್ಣಿಯ ಬಳಿಗೆ ಹೋಗಿ ನನ್ನ ಜೀವನದ ಅತಿ ವಿಚಿತ್ರ ಬೇಡಿಕೆಯನ್ನು ಮುಂದಿಟ್ಟೆ.

"ಎಂತ ಮಾಸ್ಟ್ರೇ? ಬೆರ್ಚಪ್ಪನ ಟೊಪ್ಪಿ ತೆಗೆಯುವುದಾ?"

"ಇಗರ್ಜಿಯ ಗಂಟೆ ಕೇಳುವಾಗ ಮಾತ್ರ. ಮತ್ತೆ ಪುನಃ ಇಡುವುದು."

"ಅದಕ್ಕೂ ಭಕ್ತಿ ಬಂತಾ?" ಎಂದು ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಆದರೆ ದೇವರ ಕೆಲಸ ಯಾವ ದೇವರದಾದರೂ ತಪ್ಪಿಸಬಾರದೆಂಬುದು ಅವಳ ಮತ. ದಿನಾಲೂ ಗಂಟೆಗೆ ಸರಿಯಾಗಿ ಹಿಂದಿನಿಂದ ಹೋಗಿ ಕೋಲಿನಿಂದ ಹೆಲ್ಮೆಟ್ಟು ಎತ್ತುವಳು, ಒಂದಿಷ್ಟು ಹೊತ್ತು ಬಿಟ್ಟು ಇಡುವಳು.

ಬ್ಯಾಪ್ಟಿಸ್ಟನ ಬಾಯಿ ಕಟ್ಟಿತು. ಆದರೆ ಟೊಪ್ಪಿ ತೆಗೆದ ತಲೆಯನ್ನು ಬಸ್ಸಿನವರೆಲ್ಲ ಕಂಡರು.

"ಜೆಜು, ಮಾರಿ, ಜುಜೆ! ಬಿಸಿಲಿಗೆ ಮನುಷ್ಯ ಮಡಕೆಯ ಹಾಗೆ ಕಪ್ಪಾಗಿದ್ದಾನೆ!" ಎಂದು ಬಸ್ಸಿನ ಹೆಂಗಸರು ಕೂಗಿದರು.

ಸುದ್ದಿ ಕಲ್ಯಾಣಪುರಕ್ಕೆ ಮುಟ್ಟಿ, ಅತ್ತೆ ಬರ್ತಾಬಾಯಿ ಎಳನೀರಿನ ಗೊನೆಯೊಂದಿಗೆ ಬಂದಿಳಿದರು. ಸಂಜೆ ಅಳಿಯ 'ದಿಣ್ಣೆಯಿಂದ' ಮರಳಿದಾಗ ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು.

"ಇವನು ಎಲ್ಲಿ ಕಪ್ಪಾಗಿದ್ದಾನೆ? ಮೊದಲಿಗಿಂತ ಬೆಳ್ಳಗಾಗಿದ್ದಾನಲ್ಲ ಡುಲ್ಸಿನ್?"

ಇಷ್ಟು ದಿನ ನನ್ನ ಅಡುಗೆಮನೆಯ ನೆರಳಿನಲ್ಲಿ ಕುಳಿತವನು ಇನ್ನೇನಾಗಬೇಕು? "ಬಹ್ರೈನಿನ ಸಾಬೂನು ಮಾಂಯ್," ಎಂದನು ವಲೇರಿಯನ್. ಬರ್ತಾಬಾಯಿ ಆ ಸಾಬೂನು ತನಗೂ ಬೇಕೆಂದರು. ಡುಲ್ಸಿನ್ ಗಂಡನನ್ನು ನೋಡಿದಳು ಅಷ್ಟೆ. ಆ ನೋಟದ ವಿಷಯವನ್ನು ಮರುದಿನ ಅವನು ನನಗೆ ಹೇಳುತ್ತಾ ಬಾಗಿಲಿಲ್ಲದ ಇನ್ನೊಂದು ಕಟ್ಟಡ ಬರೆದನು.

ಈಸ್ಟರ್ ಹಬ್ಬ ಕಳೆಯಿತು. ಮಳೆಗಾಲ ಸಮೀಪಿಸಿತು. ಪ್ರೊಫೆಸರರು ನಕ್ಷೆ ನೋಡಲು ಬರುವ ದಿನವನ್ನು ಶೆಟ್ಟರು ಹೇಳಿ ಕಳುಹಿಸಿದರು. ವಲೇರಿಯನನಿಗೆ ಊಟ ಸೇರದಾಯಿತು. ಬುತ್ತಿಯನ್ನು ನಾನೊಬ್ಬನೇ ಮುಗಿಸಬೇಕಾಯಿತು. ನಾನು ಸಂತ ಆಂತೋನಿಗೆ ಹರಕೆ ಹೇಳಿಕೊಂಡೆ. ಆದರೆ ಇಂಥ ಹರಕೆಯನ್ನು ಯಾವ ಮಾತಿನಲ್ಲಿ ಹೇಳಿಕೊಳ್ಳಬೇಕೆಂದು ತಿಳಿಯಲಿಲ್ಲ. ಕಳೆದುಹೋದ ವಸ್ತುವನ್ನು ಹುಡುಕಿ ಕೊಡುವ ಸಂತರು ಅವರು. ವಲೇರಿಯನನ ಬಳಿ ಇಲ್ಲದ ವಿದ್ಯೆಯು ಕಳೆದುಹೋದದ್ದಲ್ಲವಷ್ಟೆ.

ಪ್ರೊಫೆಸರರು ಬರಬೇಕಾದ ದಿನ ಮಧ್ಯಾಹ್ನದ ಮೇಲೆ ಇದ್ದಕ್ಕಿದ್ದಂತೆ ಮೋಡ ಕವಿಯಿತು. ಗಾಳಿ ಎದ್ದಿತು. ತೆಂಗಿನ ಮರಗಳು ಬಾಗಿದವು, ಒಂದೆರಡು ಗುಡುಗು, ನಾಲ್ಕು ದಪ್ಪ ಹನಿ, ಅಷ್ಟರಲ್ಲಿ ಎಲ್ಲ ನಿಂತಿತು. ನಾವು ಅಡುಗೆಮನೆಯಲ್ಲಿದ್ದೆವು. ಸ್ವಲ್ಪ ಹೊತ್ತಿನಲ್ಲಿ ಇಗರ್ಜಿಯ ಗಂಟೆ ಕೇಳಿಸಿತು. ಒಂದು ಹೊಡೆತ, ದೀರ್ಘ ಮೌನ, ಮತ್ತೊಂದು ಹೊಡೆತ.

ಅದು ಮರಣದ ಗಂಟೆ. ನಾವಿಬ್ಬರೂ ಮೊಣಕಾಲೂರಿದೆವು.

"ಯಾರೋ ಪಾಪ," ಎಂದು ವಲೇರಿಯನ್ ಭಕ್ತಿಯಿಂದ ಶಿಲುಬೆಯ ಗುರುತು ಹಾಕಿದನು. "ದೇವರು ಅವರ ಆತ್ಮಕ್ಕೆ ಶಾಂತಿ ಕೊಡಲಿ. ಹೊಸಮನೆಯ ಅಜ್ಜಿ ಇರಬಹುದು ಅಲ್ವಾ ಮಾಸ್ಟ್ರೇ?"

ಅಷ್ಟರಲ್ಲಿ ಹೊರಗಿನ ಬಾಗಿಲು ಬಡಿಯಿತು. ವಿಲ್ಫ್ರೆಡ್ ಬಸ್ಸನ್ನು ರಸ್ತೆಯಲ್ಲಿ ನಿಲ್ಲಿಸಿ ಓಡಿ ಬಂದಿದ್ದನು. ಟಿಕೆಟಿನ ಚೀಲ ಬೆನ್ನಿಗೆ ತಿರುಗಿತ್ತು. ನಾನು ಅಡುಗೆಮನೆಯ ಬಾಗಿಲು ಎಳೆದುಕೊಂಡು ಜಗಲಿಗೆ ಬಂದೆ.

"ಗುರ್ಕಾರ್ರೇ, ಇಂಜಿನಿಯರು ಹೋದರು! ನನ್ನ ಕಣ್ಣೆದುರು! ಗಾಳಿ ಬಂದು ಎತ್ತಿ ಹಾಕಿತು. ಮಲಗಿದ ಹಾಗೆ ಬಿದ್ದರು, ಕೈ ಸಹ ಮಡಚಲಿಲ್ಲ. ತಲೆ ಚೂರುಚೂರು! ಅಮ್ಮಣ್ಣಿ ಎದೆ ಬಡಿದುಕೊಂಡು ಅಳುತ್ತಿದ್ದಾಳೆ. ಇಗರ್ಜಿಗೆ ಹೇಳಿದೆ. ಡುಲ್ಸಿನ್‌ಬಾಯಿಯ ಮನೆಗೂ ಹೇಳಿ ಬಂದೆ."

"ಡುಲ್ಸಿನಳಿಗೆ ಹೇಳಿದೆಯಾ?"

"ಹೇಳದೆ ಇರಲಿಕ್ಕೆ ಆಗುತ್ತದಾ?"

"ಅವಳು ಏನೆಂದಳು?"

"ಏನೂ ಹೇಳಲಿಲ್ಲ. ಬಾಗಿಲ ದಾರಂದ ಹಿಡಿದು ನಿಂತರು. ಹಾಗೆಯೇ ಇದ್ದಾರೆ."

ವಿಲ್ಫ್ರೆಡ್ ಬಸ್ಸಿಗೆ ಓಡಿದನು. ನಾನು ಅಡುಗೆಮನೆಗೆ ಬಂದಾಗ ವಲೇರಿಯನ್ ಭತ್ತದ ಪೆಟ್ಟಿಗೆಯ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದನು.

"ಮಾಸ್ಟ್ರೇ, ಇದು ಒಳ್ಳೆಯದೇ ಆಯಿತು! ಸತ್ತವನ ಹತ್ತಿರ ಯಾರೂ ನಕ್ಷೆ ಕೇಳುವುದಿಲ್ಲ. ನಾಳೆ ಬೆಳಿಗ್ಗೆ ನಾನು ಮೆಲ್ಲ ಹೋಗಿ, ಗಾಯ ಸಣ್ಣದು ಎಂದು ಹೇಳಿದರೆ…"

ನಾನು ಅವನ ರಟ್ಟೆ ಹಿಡಿದು ಎಬ್ಬಿಸಿದೆ. ಅಷ್ಟು ಬಲ ನನ್ನಲ್ಲಿ ಉಳಿದಿದೆ ಎಂದು ನನಗೇ ಗೊತ್ತಿರಲಿಲ್ಲ. "ನಾಳೆ ಅಲ್ಲ, ಈಗ. ದಾರಂದ ಹಿಡಿದು ನಿಂತವಳು ಎಷ್ಟು ಹೊತ್ತು ನಿಲ್ಲಬೇಕು? ಅದು ಎಂತದು ಎಂದು ನಿನಗೆ ಗೊತ್ತಿಲ್ಲ. ನಡೆ."

ಅವನನ್ನು ಹಗಲು ಬೆಳಕಿನಲ್ಲಿ, ನಡುರಸ್ತೆಯಲ್ಲಿ ಎಳೆದುಕೊಂಡು ಹೋದೆ. ಅಂಗಡಿಯವನೊಬ್ಬ ಬಾಗಿಲು ಹಾಕುತ್ತಿದ್ದವನು ನಮ್ಮನ್ನು ನೋಡಿ ಒಳಗೆ ಹೋಗಿ ಅಗುಳಿ ಹಾಕಿಕೊಂಡನು. ಹೂ ಹಿಡಿದು ಬರುತ್ತಿದ್ದ ಇಬ್ಬರು ಹೆಂಗಸರು ಬೇಲಿಯೊಳಗೆ ನುಗ್ಗಿದರು. ವಲೇರಿಯನ್ ಅಭ್ಯಾಸಬಲದಿಂದ ಎಲ್ಲರಿಗೂ ನಮಸ್ಕಾರ ಹೇಳುತ್ತಾ ಬಂದನು. ಅದರಿಂದ ಭಯ ಇನ್ನೂ ಹೆಚ್ಚಿತು.

ಅವನ ಅಂಗಳದಲ್ಲಿ ಜನ ತುಂಬಿತ್ತು. ಎಲ್ಲರೂ ಮನೆಯ ಕಡೆಗೆ ಮುಖ ಮಾಡಿದ್ದರು, ನಾವು ಹಿಂದಿನಿಂದ ಬಂದೆವು. ಬ್ಯಾಪ್ಟಿಸ್ಟ್ ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡು, ಹಲಗೆಗಳನ್ನು ಗೋಡೆಗೆ ಒರಗಿಸಿ ಗಟ್ಟಿಯಾಗಿ ಕೇಳುತ್ತಿದ್ದನು: "ಯಾರಾದರೂ ಹೇಳಿ ಮಾರಾಯ್ರೇ, ಐದೂವರೆ ಅಡಿಯಾ, ಐದೂ ಮುಕ್ಕಾಲಾ? ದುಃಖದಲ್ಲಿ ಅಳತೆ ತಪ್ಪಬಾರದು."

"ಐದಡಿ ನಾಲ್ಕಿಂಚು," ಎಂದನು ನನ್ನ ಪಕ್ಕದ ವಲೇರಿಯನ್.

"ಅಷ್ಟೇ ಸಾಕಾ?" ಎಂದು ತಿರುಗದೆಯೇ ಬ್ಯಾಪ್ಟಿಸ್ಟ್ ಹಲಗೆಗೆ ಗುರುತು ಹಾಕಿದನು. ಮತ್ತೆ ತಿರುಗಿದನು. ಪೆನ್ಸಿಲು ಕೆಳಗೆ ಬಿತ್ತು.

ಮುಂದಿನ ಗದ್ದಲವನ್ನು ವರ್ಣಿಸಲಾರೆ. ಮಗಳ ಮನೆಯಲ್ಲೇ ಉಳಿದಿದ್ದ ಬರ್ತಾಬಾಯಿ ಕಿರುಚಿದರು. ಒಬ್ಬರು ಓಡಿದರು, ಒಬ್ಬರು ಮೊಣಕಾಲೂರಿದರು, ಪಕ್ಕದ ಊರಿನಿಂದ ಟ್ಯಾಕ್ಸಿ ಮಾಡಿ ಬಂದ ಸಂಬಂಧಿಕರೊಬ್ಬರು "ಹಾಗಾದರೆ ನಾವು ಬಂದದ್ದು?" ಎಂದು ಸಿಟ್ಟಾದರು. ಡುಲ್ಸಿನ್ ದಾರಂದ ಬಿಟ್ಟು ಮೆಟ್ಟಿಲಿಳಿದು ಬಂದಳು. ಗಂಡನ ತಲೆಯನ್ನು ಎರಡೂ ಕೈಗಳಲ್ಲಿ ಹಿಡಿದು, ಹಿಂದೆ ಮುಂದೆ, ಕಿವಿಯ ಹಿಂಬದಿ, ತೆಂಗಿನಕಾಯಿ ಪರೀಕ್ಷೆ ಮಾಡಿದ ಹಾಗೆ ಒತ್ತಿ ಒತ್ತಿ ನೋಡಿದಳು. ಎಲ್ಲಿಯೂ ಬಿರುಕು ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದಳು.

"ಗುರ್ಕಾರ್ರೇ, ಇವರು ಎಲ್ಲಿದ್ದರು?"

"ನನ್ನ ಅಡುಗೆಮನೆಯಲ್ಲಿ," ಎಂದೆ.

"ಇಷ್ಟು ದಿನವೂ?"

"ಇಷ್ಟು ದಿನವೂ."

ಅಷ್ಟರಲ್ಲಿ ಗೇಟಿನ ಹತ್ತಿರ ಜೀಪು ನಿಂತಿತು. ನಕ್ಷೆ ನೋಡಲು ಹೊರಟ ಪ್ರೊಫೆಸರರೂ ಶೆಟ್ಟರೂ ದಾರಿಯಲ್ಲಿ ಸುದ್ದಿ ಕೇಳಿ ದಿಣ್ಣೆಗೆ ಹೋಗಿದ್ದರು. ತೆಂಗಿನ ಗರಿಯ ತಟ್ಟಿಯ ಮೇಲೆ ನೀಲಿ ಅಂಗಿಯನ್ನು ಮಲಗಿಸಿಕೊಂಡು ಬಂದಿದ್ದರು. ಹಿಂದೆ ಅಮ್ಮಣ್ಣಿ ಹೆಲ್ಮೆಟ್ಟು ಹಿಡಿದುಕೊಂಡು, "ನನ್ನ ಬೆರ್ಚಪ್ಪನನ್ನು ಎಲ್ಲಿಗೆ ಕೊಂಡುಹೋಗುವುದು? ಸೌತೆಗೆ ಯಾರು ದಿಕ್ಕು?" ಎಂದು ಕೂಗುತ್ತಿದ್ದಳು.

"ಅದು ನಾನು ಕೊಟ್ಟ ಅಂಗಿ ಅಲ್ವಾ?" ಎಂದರು ಬರ್ತಾಬಾಯಿ.

ಯಾರೂ ಏನೂ ವಿವರಿಸಬೇಕಾಗಲಿಲ್ಲ. ಪ್ರೊಫೆಸರರು ಅಂಗಿಯನ್ನು ಜಗಲಿಯ ಬೆಂಚಿನ ಮೇಲೆ ಹರಡಿದರು. ಬೈಯುವರೆಂದು ನಾವೆಲ್ಲ ಕಾದೆವು. ಅವರು ಕನ್ನಡಕ ತೆಗೆದು ಒರೆಸಿ, ಪುನಃ ಹಾಕಿಕೊಂಡು, ಬಗ್ಗಿ ನೋಡತೊಡಗಿದರು.

"ಇದು ಮುಖ ಮಾಡಿದ್ದು ರಸ್ತೆಗೆ, ಅಂದರೆ ದಕ್ಷಿಣಕ್ಕೆ. ಅಲ್ವಾ ಅಮ್ಮಾ?"

"ಹೌದು ಅಯ್ಯಾ. ಒಂದು ದಿನ ಸಹ ತಿರುಗಿದವನಲ್ಲ," ಎಂದಳು ಅಮ್ಮಣ್ಣಿ ಮೂಗು ಒರೆಸಿಕೊಳ್ಳುತ್ತಾ.

"ಭುಜದ ಬಣ್ಣ ಪೂರಾ ಹೋಗಿದೆ. ಪೂರ್ವದ ಕೈ ಬಿಳಿ, ಪಶ್ಚಿಮದ ಕೈ ಇನ್ನೂ ಬಿಳಿ. ಎದೆ ಸ್ವಲ್ಪ ಮಾಸಿದೆ. ಬೆನ್ನು ಮಾತ್ರ ಅಂಗಡಿಯಿಂದ ತಂದ ಹಾಗೆ ನೀಲಿ. ಇಲ್ಲಿ ನೋಡಿ ಶೆಟ್ರೇ, ಪಶ್ಚಿಮದ ತೋಳಿನ ತುದಿ ಗಾಳಿಗೆ ಬಡಿದು ಬಡಿದು ನೂಲುನೂಲಾಗಿದೆ." ಅವರು ಸೊಂಟ ನೆಟ್ಟಗೆ ಮಾಡಿದರು. "ಉದ್ದ ಗೋಡೆಗಳು ಉತ್ತರಕ್ಕೂ ದಕ್ಷಿಣಕ್ಕೂ. ಓದುವ ಕಿಟಕಿಗಳು ಉತ್ತರಕ್ಕೆ, ಅಲ್ಲಿ ಬಿಸಿಲು ಇಲ್ಲ, ಬೆಳಕು ಉಂಟು. ಪೂರ್ವ ಪಶ್ಚಿಮದ ಗೋಡೆ ಗಿಡ್ಡ, ದಪ್ಪ ಮುರಕಲ್ಲಿನದು. ಗಾಳಿಗೆ ಪಶ್ಚಿಮದಲ್ಲಿ ಎತ್ತರದ ಸಣ್ಣ ಕಿಂಡಿ, ಮಳೆಗಾಲದಲ್ಲಿ ಮುಚ್ಚುವಂಥದು. ಬಿಸಿಲಿನ ಒಲೆಗೆ ದಕ್ಷಿಣದ ಅಂಗಳ." ಆಮೇಲೆ ವಲೇರಿಯನನನ್ನು ನೋಡಿದರು. "ನೀನೇ ನಿಂತಿದ್ದರೆ ಇಷ್ಟು ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ನೀನು ನೆರಳಿಗೆ ಹೋಗುತ್ತಿದ್ದೆ."

"ಓದಿ ಆದ ಮೇಲೆ ಅಂಗಿ ವಾಪಸು ಕೊಡಿ," ಎಂದಳು ಅಮ್ಮಣ್ಣಿ.

ಆದರೆ ಪ್ರೊಫೆಸರರು ಇನ್ನೂ ಮುಗಿಸಿರಲಿಲ್ಲ. "ನಕ್ಷೆ ನಾನೇ ಬರೆಯುತ್ತೇನೆ. ನೀನು ನಿಜ ಹೇಳು. ಬಹ್ರೈನಿನಲ್ಲಿ ನಿನ್ನ ಕೆಲಸ ಎಂತ ಇತ್ತು?"

ವಲೇರಿಯನ್ ಹೆಂಡತಿಯನ್ನು ನೋಡಿದನು. ಓಡಲು ದಾರಿಯಿರಲಿಲ್ಲ. ಹಿಂದೆ ಬ್ಯಾಪ್ಟಿಸ್ಟನ ಹಲಗೆಗಳಿದ್ದವು.

"ಪ್ರಿಂಟಿನ ಮೆಷಿನು ಸರ್," ಎಂದನು ಸಣ್ಣ ಸ್ವರದಲ್ಲಿ. "ನಕ್ಷೆಯ ಪ್ರತಿ ತೆಗೆಯುವುದು. ಅಮೋನಿಯಾದಲ್ಲಿ."

"ಅಮೋನಿಯಾ ಅಂದರೆ ಎಂತದು?" ಎಂದು ಡುಲ್ಸಿನ್ ಕೇಳಿದಳು.

"ಅದೊಂದು ಮದ್ದು. ಕೆಟ್ಟ ವಾಸನೆ ಇರುತ್ತದೆ. ಕಕ್ಕಸಿನ ಹಾಗೆ. ಎಷ್ಟು ಒಗೆದರೂ ಬಟ್ಟೆಯಿಂದ ಹೋಗುವುದಿಲ್ಲ."

ಡುಲ್ಸಿನ್ ಜಗಲಿಯ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಅಷ್ಟು ಹೊತ್ತು ಅಳದವಳು ಈಗ ಅತ್ತಳು. ಅಳುತ್ತಲೇ ನಗಲಿಕ್ಕೆ ಸುರುಮಾಡಿದಳು.

"ಅಮ್ಮಾ, ಮೆಷಿನ್ ಅಂತೆ! ಕೇಳಿದಿರಾ, ಮೆಷಿನ್ ಅಂತೆ!" ಎಂದು ತಾಯಿಯ ಕೈ ಹಿಡಿದಳು. "ಇಂಜಿನಿಯರ್ ಅಲ್ಲ ಎಂದು ಮೊದಲನೇ ರಜೆಯಲ್ಲಿ ಇವರ ಅಂಗಿ ಒಗೆಯುವಾಗಲೇ ಗೊತ್ತಾಗಿತ್ತು. ಪರದೇಶದಲ್ಲಿ ಕಕ್ಕಸು ತೊಳೆದು ನಮ್ಮನ್ನು ಸಾಕುತ್ತಿದ್ದಾರೆ, ನಾಚಿಕೆಯಿಂದ ಹೇಳುವುದಿಲ್ಲ ಎಂದು ಎಣಿಸಿದ್ದೆ. ದೇವರ ಮುಂದೆ ಯಾವ ಕೆಲಸವೂ ಕೀಳಲ್ಲ, ಇವರಾಗಿ ಹೇಳುವವರೆಗೆ ನಾನು ಕೇಳಬಾರದು ಎಂದು ಬಾಯಿ ಕಟ್ಟಿಕೊಂಡಿದ್ದೆ. ಎಷ್ಟು ನವೇನ ಪ್ರಾರ್ಥನೆ ಮಾಡಿದ್ದೇನೆ! ಇವರು ನೆರಳಿನಲ್ಲಿ ಕುಳಿತು ಮೆಷಿನ್ ತಿರುಗಿಸುತ್ತಿದ್ದರಂತೆ!"

"ಕಲ್ಯಾಣಪುರಕ್ಕೆ ಹೋಗುವುದಿಲ್ಲವಾ?" ಎಂದು ವಲೇರಿಯನ್ ಕೇಳಿದನು.

"ಅಲ್ಲಿ ಎಂತ ಉಂಟು ನನಗೆ?" ಎಂದಳು ಅವಳು ಕಣ್ಣೊರೆಸಿಕೊಂಡು. "ಆದರೆ ನಾಳೆಯಿಂದ ಬುತ್ತಿ ಕಟ್ಟುವುದಿಲ್ಲ. ಮನೆಯಲ್ಲೇ ಉಣ್ಣಿ. ಗುರ್ಕಾರ್ರೂ ಇಲ್ಲಿಗೇ ಬರಲಿ."

ಪ್ರೊಫೆಸರರಿಗೆ ಮೆಷಿನಿನ ಮಾತು ಕಿವಿಗೆ ಬಿದ್ದಿತ್ತು. "ಕರೆಂಟಿಲ್ಲದೆ ಪ್ರತಿ ತೆಗೆಯಲಿಕ್ಕೆ ಬರುತ್ತದಾ? ಗಾಜಿನ ಚೌಕಟ್ಟಿನಲ್ಲಿಟ್ಟು ಬಿಸಿಲಿಗೆ ಹಿಡಿದು?"

"ಬರುತ್ತದೆ ಸರ್," ಎಂದನು ವಲೇರಿಯನ್. ಆ ವರ್ಷದಲ್ಲಿ ಅವನಾಡಿದ ಮೊದಲನೆಯ ನಿಜವಾದ 'ಬರುತ್ತದೆ' ಅದು. "ಆ ಕೆಲಸ ನನಗೆ ಚೆನ್ನಾಗಿ ಗೊತ್ತುಂಟು."

"ಹಾಗಾದರೆ ಹೊಸ ಕಟ್ಟಡದಲ್ಲಿ ಮೊದಲ ಪಾಠ ನೀನೇ ಮಾಡು." ಚೌಕಟ್ಟಿಗೆ ಮರ ಎಲ್ಲಿಂದ ಎಂಬ ಪ್ರಶ್ನೆ ಬಂದಾಗ ಎಲ್ಲರೂ ಗೋಡೆಗೆ ಒರಗಿಸಿದ್ದ ಹಲಗೆಗಳನ್ನು ನೋಡಿದರು. ಗುರುತು ಹಾಕಿದ ಹಲಗೆ ಬೇರೆ ಯಾರಿಗೂ ಆಗುವುದಿಲ್ಲವೆಂದು ಬ್ಯಾಪ್ಟಿಸ್ಟ್ ಗೊಣಗುತ್ತಾ ಒಪ್ಪಿದನು.

ಕೊನೆಗೆ ವಿಗಾರರು ಬಂದರು. ಮೃತನು ಅವರಿಗೆ ಕಾಫಿ ತಂದುಕೊಟ್ಟನು. ಅವರು ಕುಡಿದು, ಗಂಭೀರವಾಗಿ ಹೇಳಿದರು: "ನಾಳೆಯ ಬಲಿಪೂಜೆಯನ್ನು ಸತ್ತವರ ಆತ್ಮಕ್ಕೆಂದು ಇಟ್ಟಾಗಿದೆ. ಗಂಟೆಯೂ ಆಗಿದೆ. ಹೊಡೆದ ಗಂಟೆಯನ್ನು ವಾಪಸು ತೆಗೆಯುವ ಕ್ರಮ ನಮ್ಮಲ್ಲಿಲ್ಲ."

ಡುಲ್ಸಿನ್ ನನ್ನ ಕಡೆಗೆ ನೋಡದೆ ಹೇಳಿದಳು: "ಜೆರ್ಟ್ರೂಡ್‌ಬಾಯಿಯ ಹೆಸರಿಗೆ ಆಗಲಿ ಪಾದ್ರ್ಯಾಬ್. ಇವರಿಗೆ ಇಷ್ಟು ದಿನ ಜಾಗ ಕೊಟ್ಟದ್ದು ಅವರ ಅಡುಗೆಮನೆ."

ಮರುದಿನ ಪೂಜೆಗೆ ವಾಡ್ಯದವರೆಲ್ಲರೂ ಬಂದರು. ಕಪ್ಪು ಬಟ್ಟೆಗಳಿಗೆ ಇಸ್ತ್ರಿ ಹಾಕಿ ಆಗಿದ್ದರಿಂದ ಅವನ್ನೇ ತೊಟ್ಟು ಬಂದರು. ನನ್ನ ಜೆರ್ಟ್ರೂಡಳ ಮಣ್ಣಿಗೆ ಅಷ್ಟು ಜನ ಬಂದಿರಲಿಲ್ಲ. ದೇವರು ಕೊಡುವ ದಾರಿಯನ್ನು ನಾವು ಊಹಿಸಲಾರೆವು.

ಪೂಜೆ ಮುಗಿದ ಮೇಲೆ ಪ್ರೊಫೆಸರರು ನಮ್ಮನ್ನೆಲ್ಲ ದಿಣ್ಣೆಗೆ ಕರೆದೊಯ್ದರು. ಗೂಟ ಹೊಡೆದು ಕಟ್ಟಡದ ಜಾಗ ಗುರುತಿಸಬೇಕಾಗಿತ್ತು. ಶೆಟ್ಟರು ಹಗ್ಗದ ಒಂದು ತುದಿ ಹಿಡಿದರು. ಇನ್ನೊಂದು ತುದಿಯನ್ನು ವಲೇರಿಯನನ ಕೈಗೆ ಕೊಟ್ಟು, ಉತ್ತರಕ್ಕೆ ಮುಖ ಮಾಡಿ ನಿಲ್ಲಲು ಹೇಳಿದರು. ಅವನು ಬಹಳ ಉತ್ಸಾಹದಿಂದ ನಿಂತು, ಸ್ವಲ್ಪ ಹೊತ್ತಿನ ಮೇಲೆ ಬಾಯಿಯ ಪಕ್ಕದಿಂದ, "ಮಾಸ್ಟ್ರೇ, ಉತ್ತರ ಯಾವ ಕಡೆ?" ಎಂದು ನನ್ನನ್ನು ಕೇಳಿದನು.

ನಾನು ಹೇಳುವ ಮೊದಲೇ ಡುಲ್ಸಿನ್ ಮುಂದೆ ಬಂದು, ಅವನ ಎರಡೂ ಭುಜಗಳನ್ನು ಹಿಡಿದು, ತಿರುಗಿಸಿ, ಸರಿಯಾಗಿ ನಿಲ್ಲಿಸಿದಳು.